ಅವ್ವನ ಕಂಬಳಿ, ಗಾಜಿನಾಚೆಯ ಮೀನು

ಬೇರೆಯವರ ಫೋನಿಗೆ ಇಣುಕುವ ಚಾಳಿ ಶಾಂಭವಿಗಿರಲಿಲ್ಲ. ಆದರೆ ಶನಿವಾರಸಂತೆ ಬಸ್ ನಿಲ್ದಾಣದಲ್ಲಿ ಕೊಡ್ಲಿಪೇಟೆ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದಲ್ಲಿ ಕೂತವನು ತನ್ನ ಅಕ್ಕನ ಮುಂದೆ ಫೋನು ಹಿಡಿದ ರೀತಿಗೆ ಅವಳ ಕಣ್ಣೂ ಅತ್ತ ಹೊರಳಿತು. ಕಿತ್ತಳೆ ಬಣ್ಣದ ಬಿಳಿಪಟ್ಟೆಯ ಮೀನೊಂದು ನೇರ ಮುಖಮಾಡಿ ನಿಂತಿತ್ತು. ಅಕ್ಕನ ತೊಡೆಯ ಮೇಲಿನ ಚೀಲದಲ್ಲಿ ಹಳೆಯ ಕರಿಕಂಬಳಿ.

“ಅವ್ವನ ಮೀನಲ್ವೇನೋ ಇದು?”

“ಹೂಂ ಕಣಕ್ಕ. ಅವ್ವ ಹೋದ್ಮೇಲೆ ಗಾಜಿನ ತೊಟ್ಟೀಲಿ ಕಲ್ಲಿನ ಸಂದೀಲೇ ಇತ್ತು. ನಾನು ಹಾಕಿದ್ದನ್ನ ಕದ್ದು ತಿಂತಿತ್ತು.”

“ಸಮುದ್ರದ ಮೀನು ಅಂತ ನೀನು ಉಪ್ಪುನೀರು ಕಲಸ್ತಿದ್ರೆ, ‘ಉಪ್ಪಿನಕಾಯಿ ಹಾಕ್ತೀಯೇನೋ’ ಅಂತ ನಗೋದು ಅವ್ವ.”

“ಆಮೇಲೆ ತಾನೇ ದಿನಾ ಕೊಟ್ಟಿಗೆಯಿಂದ ಬಂದು, ಹೊದ್ದ ಕಂಬಳೀನೂ ತೆಗೀದೆ ಮೊದ್ಲು ಅದಕ್ಕೇ ತಿನ್ನೋಕೆ ಹಾಕೋದು.”

“ಮತ್ತೆ ಫೋಟೋಕ್ಕೆ ಹೆಂಗೆ ಬಂತು?”

“ಎಷ್ಟು ತೆಗೆದ್ರೂ ಗಾಜಲ್ಲಿ ನನ್ನ ಬಿಳಿ ಅಂಗೀನೇ ಕಾಣ್ತಿತ್ತು. ಕಪ್ಪಗಿರ್ಲಿ ಅಂತ ನಿನ್ನೆ ಈ ಕಂಬಳೀನ ತಲೆ ಮೇಲಿಂದ ಹೊದ್ಕೊಂಡು ಕೂತೆ. ಸೀದಾ ಗಾಜಿನ ತನಕ ಬಂತು ಕಣಕ್ಕ.”

ಅಕ್ಕ ಫೋನಿನಿಂದ ಕಣ್ಣು ತೆಗೆಯಲಿಲ್ಲ.

“ತಿನ್ನೋಕೆ ಹಾಕಿದ್ಯಾ?”

“ಫೋಟೋ ತೆಗೆಯೋದ್ರಲ್ಲಿ ಮರ್ತೇಹೋಯ್ತು.”

ಬಸ್ಸು ಬಂತು. ಶಾಂಭವಿ ಎದ್ದಳು. ಅಕ್ಕನೂ ಎದ್ದು, ಚೀಲದಿಂದ ಕಂಬಳಿ ತೆಗೆದು ತಮ್ಮನ ಹೆಗಲಿಗೆ ಹಾಕಿದಳು.

“ನೆನಪಿಗೆ ಬೇಕು ಅಂತ ನೀನೇ ಕೇಳಿದ್ದಲ್ಲಕ್ಕ.”

“ನಂಗೆ ಆ ಫೋಟೋ ಕಳ್ಸು, ಸಾಕು. ನೀನು ಮನೆಗೆ ಹೋಗಿ ಇದನ್ನ ಹೊದ್ಕೊಂಡು ಅದಕ್ಕೆ ಏನಾದ್ರೂ ಹಾಕು. ನಿನ್ನೆಯಿಂದ ಕಾಯ್ತಿರ್ತದೆ.”

ಹಾಗೆಂದವಳು, ಖಾಲಿ ಚೀಲ ಮಡಿಸಿಕೊಂಡು ಬಸ್ಸು ಹತ್ತಿದಳು.