ಖಾಲಿ ಫೋರ್ಕಿನ ಭಾರ

ಕತ್ತಲಾಗಿತ್ತು. ಬೋಳಾರದ ಕಟ್ಟಡದ ಸೈಟಿನ ಗೇಟು ಹಾಕಿ, ಪಕ್ಕದ ಬಾವಿಕಟ್ಟೆ ದಾಟಿ ಬಾಸಿಲ್ ಬಸ್ಸಿಗೆ ನಡೆಯುತ್ತಿದ್ದ. ಬಾಸಿಲ್ ಅಂದರೆ ನಮ್ಮ ಉರ್ವದವನೇ, ಡೈಸಿ ಟೀಚರ ತಮ್ಮ. ಹಿಂದಿನಿಂದ ಸದ್ದು ಬಂತು. ಸುಂಯ್… ಟಕ್. ಸುಂಯ್… ಟಕ್.

ಅವನು ಓಡಿಸುವ ಮೆಷಿನಿನದೇ ಸದ್ದು. ಕೀ ಅವನ ಕಿಸೆಯಲ್ಲೇ ಉಂಟು.

ಅದು ಉದ್ದ ಕೈಯ ಫೋರ್ಕ್‌ಲಿಫ್ಟ್. ಕೊಳವೆಯೊಳಗಿಂದ ಕೊಳವೆ ಜಾರಿ ಬಂದ ಹಾಗೆ ಅದರ ಕೈ ಉದ್ದವಾಗುತ್ತದೆ. ಕ್ರೇನ್ ನುಗ್ಗದ ಓಣಿಯಲ್ಲೂ ಕೈ ತುದಿಯ ಫೋರ್ಕಿನ ಎರಡು ಕಬ್ಬಿಣದ ಹಲ್ಲುಗಳ ಮೇಲೆ ಕಲ್ಲು, ಸಿಮೆಂಟು ಎತ್ತಿ ನೇರ ಮೂರನೇ ಮಾಳಿಗೆಗೆ ಇಡುತ್ತದೆ. ಆದರೆ ಕೈ ಚಾಚಿದಷ್ಟೂ ತ್ರಾಣ ಕಡಿಮೆ. ಭಾರ ಮೀರಿದರೆ ಹಿಂದಿನ ಚಕ್ರ ನೆಲ ಬಿಟ್ಟು, ಮೆಷಿನ್ ಮುಗ್ಗರಿಸುತ್ತದೆ. ಅದಕ್ಕೇ ಕ್ಯಾಬಿನ್ನಿನಲ್ಲಿ ಅಲಾರಾಂ ಇಟ್ಟಿರುವುದು. ಈ ಮೆಷಿನಿನ ಅಲಾರಾಂ ವಯರನ್ನು ಸೂಪರ್‌ವೈಸರ್ ರಿಯಾಝ್ ಕತ್ತರಿಸಿ ಹಾಕಿದ್ದ. ಕೆಲಸಕ್ಕೆ ಅಡ್ಡ ಬರುತ್ತದಂತೆ.

ಅವತ್ತು ಮಧ್ಯಾಹ್ನ ಅದೇ ಜಗಳ. ಕೈ ಪೂರ್ತಿ ಚಾಚಿ ಫುಲ್ ಲೋಡ್ ಏರಿಸು ಎಂದ ರಿಯಾಝ್. ದೋಹಾದಲ್ಲಿ ಇಂಥದ್ದನ್ನೇ ಓಡಿಸಿ ಬಂದ ಬಾಸಿಲ್ ಆಗುವುದಿಲ್ಲ ಎಂದ. ರಿಯಾಝ್ ಎಲ್ಲರೆದುರು ಬಾಯಿಗೆ ಬಂದಂತೆ ಬೈದ. ಆಮೇಲೆ ಮೇಸ್ತ್ರಿ ಮಮ್ಮು ಮೆಲ್ಲ ವಿಷಯ ಹೇಳಿದರು. ಬಾಸಿಲ್ ಕೆಲಸಕ್ಕೆ ಸೇರುವ ಮೊದಲು ಶಾಹುಲ್ ಎಂಬ ಕೆಲಸದವನನ್ನು ಕಲ್ಲಿನ ಲೋಡಿನೊಟ್ಟಿಗೇ ಫೋರ್ಕಿನ ಮೇಲೆ ನಿಲ್ಲಿಸಿ ಏರಿಸಿದ್ದನಂತೆ ಈ ರಿಯಾಝ್. ಮೆಷಿನ್ ಮುಗ್ಗರಿಸಿತು. ಶಾಹುಲ್ ಬಿದ್ದು ಸತ್ತದ್ದು ಈ ಬಾವಿಕಟ್ಟೆಯ ಮೇಲೆ.

ಬಾಸಿಲ್ ವಾಪಸ್ ಹೋದ. ಇಂಜಿನ್ ಓಡುತ್ತಿತ್ತು. ಕ್ಯಾಬಿನ್ನಿನಲ್ಲಿ ಯಾರೂ ಇಲ್ಲ. ಕೈ ಮೂರನೇ ಮಾಳಿಗೆಯವರೆಗೆ ಚಾಚಿತ್ತು. ಫೋರ್ಕ್ ಖಾಲಿ. ಆದರೂ ಹಿಂದಿನ ಚಕ್ರ ನೆಲದಿಂದ ಒಂದು ಗೇಣು ಮೇಲೆ… ಜೊತೆಗೆ ಇನ್ನೊಂದು ಸದ್ದು. ಪೀ… ಪೀ… ಪೀ… ವಯರೇ ಇಲ್ಲದ ಅಲಾರಾಂ.

ಕಂಬದ ಮರೆಯಲ್ಲಿ ರಿಯಾಝ್ ಬೆವರಿ ನಿಂತಿದ್ದ.

"ಕೈ ಒಳಗೆ ಎಳೆ," ಪಿಸುಗುಟ್ಟಿದ. "ಕೆಳಗಿಳಿಸು ಅವನನ್ನು."

"ಯಾರನ್ನು?"

ರಿಯಾಝ್ ಬಾಸಿಲ್‌ನ ಕಾಲರ್ ಹಿಡಿದು ಕ್ಯಾಬಿನ್ನಿಗೆ ನೂಕಿದ.

ಇದು ಇವನ ಮೇಲೇ ಬೀಳಲಿ… ಬಾಸಿಲ್‌ಗೆ ಒಂದು ಕ್ಷಣ ಹಾಗೆಯೇ ಅನಿಸಿತಂತೆ. ಆದರೂ ಲಿವರ್ ಎಳೆದ. ಕೈ ಒಳಗೆ ಬಂದ ಹಾಗೆ ಭಾರ ಇಳಿಯಬೇಕು. ಇಳಿಯಲಿಲ್ಲ. ಹತ್ತಿರ ಬಂದಷ್ಟೂ ಅಲಾರಾಂ ಜೋರಾಯಿತು. ಫೋರ್ಕ್ ನೆಲ ಮುಟ್ಟಿತು. ಚಕ್ರ ಧಪ್ಪೆಂದು ಕೂತಿತು. ಎಲ್ಲ ಸದ್ದೂ ನಿಂತಿತು.

ಆಮೇಲೆ ಜಲ್ಲಿಯ ಮೇಲೆ… ಕರಕ್… ಕರಕ್… ನಿಧಾನಕ್ಕೆ, ರಿಯಾಝ್ ನಿಂತ ಕಡೆಗೆ.

ರಿಯಾಝ್ ಗೇಟಿಗೆ ಓಡಿದ. ಸ್ಕೂಟರ್ ಹತ್ತಿದ. ಅವನೊಬ್ಬನೇ. ಆದರೆ ಹೊರಡುವ ಮೊದಲು ಹಿಂದಿನ ಸ್ಪ್ರಿಂಗ್ ಯಾರೋ ಹತ್ತಿ ಕೂತ ಹಾಗೆ ಕಿರ್ರ್ ಎಂದು ಕುಗ್ಗಿತು.

ಸುಳ್ಳಲ್ಲ ಮಾರಾಯ್ರೆ. ಎದುರು ಮನೆಯ ಮುಕ್ತಕ್ಕನೂ ಜಗಲಿಯಿಂದ ನೋಡಿದ್ದಾರೆ. ಹಿಂದಿನ ಸೀಟು ಖಾಲಿ ಇತ್ತು. ಓಣಿ ಮುಗಿಯುವವರೆಗೂ ಸ್ಕೂಟರಿನ ಮಡ್‌ಗಾರ್ಡ್ ಟಯರಿಗೆ ತಾಗಿ ಸರ್… ಸರ್… ಎನ್ನುತ್ತಲೇ ಇತ್ತು.