ಹಾಲಪ್ಪ ಮೂರು ಸಲ ಹಿಂದಿರುಗಿದ್ದು

ಗುಡ್ಡದ ಮೇಲಿನ ತಾಯಿಗೆ ಶರಣು. ಸುಳ್ಳಾಡಿದರೆ ನನ್ನ ನಾಲಿಗೆ ತಡೀಲಿ, ದಿಟ ಆಡಿದರೆ ನಿಮ್ಮ ಕಿವಿ ತೆರೀಲಿ. ಕೇಳ್ರಪ್ಪಾ, ಕೇಳ್ರವ್ವಾ.

ಹೆಸರಿಲ್ಲದ ಒಂದೂರು. ಅಲ್ಲೊಬ್ಬ ಕಂಬಳಿ ನೇಯುವ ಹಾಲಪ್ಪ. ಒಳ್ಳೆಯವನೇ. ಆದರೆ ಹಲ್ಲಿ ಹ್ಞೂಂ ಅನ್ನದೆ ತುತ್ತು ಎತ್ತುವವನಲ್ಲ, ಕಾಗೆಯನ್ನು ಕೇಳದೆ ಮಗ್ಗಕ್ಕೆ ಕೂರುವವನಲ್ಲ. ದೇವರನ್ನೂ ನಂಬಿದ್ದ ಅನ್ನಿ, ಹಲ್ಲಿಗಿಂತ ಒಂದು ಕೂದಲು ಕಡಿಮೆ! ದೇವರು ಕೊಟ್ಟರೂ ಪೂಜಾರಿ ಬಿಡ ಅಂತಾರಲ್ಲ, ಇವನಿಗೆ ದೇವರು ಕೊಟ್ಟರೂ ಹಲ್ಲಿ ಬಿಡದು.

ಒಂದು ಮಧ್ಯಾಹ್ನ ಹೆಂಡತಿ ಕೆಂಚವ್ವನಿಗೆ ಹೆರಿಗೆ ನೋವು ಬಂತು. ಚೊಚ್ಚಲು ಬೇರೆ.

"ಕೆರೆಯಾಚೆ ಸೂಲಗಿತ್ತಿ ದ್ಯಾಮಜ್ಜೀನ ಕರ್ಕೊಂಡು ಬರ್ರಿ. ಓಡ್ರಿ!"

ಹಾಲಪ್ಪ ಹೊಸ್ತಿಲು ದಾಟಿದ. ಹಟ್ಟಿಯ ಟಗರು ಸೀನಿತು. ಒಂಟಿ ಸೀನು! ಹೋದ ಹೆಜ್ಜೆ ಹಿಂದೆ ಬಂತು. ಕಾಲು ತೊಳೆದ, ಕೂತ, ನೀರು ಕುಡಿದ.

"ನೆಗಡಿ ಟಗರಿಗೆ ಕಣ್ರೀ, ನೋವು ನನಗೆ!" ಅಂದಳು ಕೆಂಚವ್ವ.

ಮತ್ತೆ ಹೊರಟ. ಕೆರೆ ಏರಿಯ ಅರ್ಧ ಮುಟ್ಟಿದ್ದ, ಬೆಕ್ಕು ಅಡ್ಡ ಹಾಯಿತು. ಹೋದ ಹೆಜ್ಜೆ ಹಿಂದೆ ಬಂತು. ಕಾಲು ತೊಳೆದ, ಕೂತ, ನೀರು ಕುಡಿದ.

"ಬೆಕ್ಕು ತನ್ನ ಕೆಲಸಕ್ಕೆ ಹೋಯ್ತು. ನೀವು ಯಾವಾಗ ಹೋಗ್ತೀರಿ?" ಕೆಂಚವ್ವ ಹಲ್ಲು ಕಚ್ಚಿ ಕೇಳಿದಳು.

ಮೂರನೇ ಸಲ ಹೊರಟ. ಏರಿಯ ಮೇಲೆ ಎದುರಿಗೆ ಒಬ್ಬಳು ಹೆಂಗಸು. ಹಣೆಯಲ್ಲಿ ಕುಂಕುಮವಿಲ್ಲ! ಹಾಲಪ್ಪ ಹಣೆ ನೋಡಿದನೇ ಹೊರತು ಮುಖ ನೋಡಲಿಲ್ಲ. ಕಣ್ಣು ಮುಚ್ಚಿ ಓಡಿ ಬಂದು ಅಗುಳಿ ಜಡಿದ.

"ಅಪಶಕುನ ಬೆನ್ನು ಹತ್ತಿದೆ ಕೆಂಚೀ!"

ಯಾರೋ ಬಾಗಿಲು ದಬದಬ ಬಡಿದರು.

"ಯಾ... ಯಾರು?"

"ಅಪಶಕುನ! ಬಾಗಿಲು ತೆಗೆದು ನೀರು ಕಾಯಿಸೋ, ಮುಕ್ಕಾ!"

ಯಾರಿರಬಹುದು ಹೇಳಿ? ದ್ಯಾಮಜ್ಜಿ! ಗಂಡ ಸತ್ತು ಇಪ್ಪತ್ತು ವರ್ಷ, ಊರ ಮಕ್ಕಳೆಲ್ಲ ಬಂದದ್ದು ಅವಳ ಕೈಗೇ. ಹಾಲಪ್ಪ ಅಗುಳಿ ತೆಗೆದ.

"ನಮ್ಮ ಜಗಲಿಯಿಂದ ಏರಿ ಕಾಣುತ್ತಪ್ಪಾ. ಅರ್ಧ ಬಂದು ಹಿಂದೆ ಓಡಿದ್ದು ನೋಡಿದೆ. ನಿನ್ನ ಹೆಂಡ್ತಿಗೆ ತಿಂಗಳು ತುಂಬಿದ್ದು ನನಗೆ ಗೊತ್ತಿಲ್ವಾ?" ಅನ್ನುತ್ತ ಒಳಗೆ ಹೋದಳು. ಮಗು ಅಡ್ಡ ತಿರುಗಿತ್ತು. ಅಜ್ಜಿ ಮೆಲ್ಲಗೆ ನೀವಿದಳು, ತಿರುಗಿಸಿದಳು, ದೇವರ ಹೆಸರು ಹೇಳಿದಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಎರಡೂ ಜೀವ ಉಳಿಯುತ್ತಿರಲಿಲ್ಲ.

ಹೆಣ್ಣು ಮಗು. ಹುಟ್ಟಿತು, ಅತ್ತಿತು, ಆಮೇಲೆ "ಆಕ್ಷೀ!" ಅಂತ ಸೀನಿತು. ಒಂದೇ ಒಂದು!

ಹಾಲಪ್ಪನ ಮುಖ ಬಿಳಿಚಿತು. ದ್ಯಾಮಜ್ಜಿ ಓರೆಗಣ್ಣಲ್ಲಿ ನೋಡಿ, "ಒಂಟಿ ಸೀನು, ಹಾಲಪ್ಪಾ. ಏನು ಮಾಡ್ಲಿ, ವಾಪಸ್ ಒಳಗೆ ಕಳಿಸ್ಲಾ?" ಅಂದಳು.

ಅಷ್ಟು ಸುಸ್ತಲ್ಲೂ ಕೆಂಚವ್ವ ಕಿಸಕ್ಕನೆ ನಕ್ಕಳು.

ಹಾಲಪ್ಪ ತಂಬಿಗೆ ತಂದ. ಕಾಲು ತೊಳೆದ, ತನ್ನದಲ್ಲ, ಅಜ್ಜಿಯದು. ಕೂತ, ಅವಳ ಮುಂದೆ. ನೀರು ಕುಡಿದ, ಅದೇ ನೀರು, ತೀರ್ಥವೆಂದು.

ಅವನ ಹಲ್ಲಿ ಅವನ ಗೋಡೆಗೆ, ನನ್ನ ಕಥೆ ನಿಮ್ಮ ಮಡಿಲಿಗೆ. ಎದುರಿಗೆ ಬರುವ ತಾಯಿಯ ಮುಖ ನಿಮಗೆ ಕಾಣಲಿ. ಕೇಳಿದ ಎಲ್ಲರ ಮನೆ ತೊಟ್ಟಿಲೂ ತೂಗುತ್ತಿರಲಿ.