ಅರವತ್ತೆರಡು ಅಂಚು

ಅಯ್ಯ, ಬ್ಯಾಡ್ರಿ ಮಾವಾರ! ಆ ಮೌಸ್ ಮುಟ್ಟಬ್ಯಾಡ್ರಿ... ಕುರ್ಚಿ ಮ್ಯಾಲ ಕುಂಡ್ರಿ, ನಾ ತೋರಸ್ತೇನಿ. ನಿಮ್ಮ ಸೀರಿ ಅಂಚಿನ ನಕ್ಷಿ ಎಲ್ಲಿ ಹೋಗತಾವ್ರಿ? ತೋರಸ್ತೇನಿ... ಮೊದಲ ಇದನ್ನ ನೋಡ್ರಿ. ನಮ್ಮ ಕಂಪ್ಯೂಟರಿನ ಮಾರಿನ ಬದಲಾಗೇತಿ, ಗುರುತ ಹತ್ತತೈತೇನು? ಯಾಕ ನಗತೀರಿ? ಹಿಂದಿನ ಚಿತ್ರ ನಾನ ಹಾಕೇನಿ. ಲಕ್ಕುಂಡಿ ಬಾಂವಿ! ಆ ಮೆಟ್ಟಲಾ ನೋಡಿ ಬಂದ ನೀವ ಒಂದ ಸೀರಿ ಅಂಚ ಬರದಿದ್ರಲ್ಲ, ಅದ ಬಾಂವಿ. ಅಕ್ಷರ ನೋಡ್ರಿ, ಎಳ್ಳಿನಂಗ ಇದ್ದುವು, ಈಗ ಕಡ್ಲಿಗಿಂತ ದೊಡ್ಡು ಮಾಡೇನಿ. ಎಲ್ಲಾ ಕನ್ನಡದಾಗ. ಕಣ್ಣ ಆಪರೇಷನ್ ಆದಾಗಿಂದ ನಿಮಗ ಸಣ್ಣದು ಕಾಣಸೂದಿಲ್ಲಲ್ಲ, ಅದಕ್ಕ.

ಹೂಂರಿ, ಹೂಂ, ಅಂಚು. ಬಂದೆ, ಅಲ್ಲಿಗೇ ಬಂದೆ...

ಹಳೇದು ಸತ್ತಂಗ ಆಗಿತ್ತಲ್ರಿ. ಬಟನ್ ಒತ್ತಿ, ಅಕ್ಕಿ ತೊಳದು ಕುಕ್ಕರ್ ಇಟ್ಟ ಬಂದ್ರೂ ಇನ್ನೂ ತಿರಗತಿತ್ತು. ಹೊಸಾ ವಿಂಡೋಸ್ ಹಾಕೂಣಂದ್ರ ಈ ಹಳೇ ಮಷೀನ್ ತಡಿಯೂದಿಲ್ಲ ಅಂದಾ ನಮ್ಮ ಶ್ರೀಧರ. ನನ್ನ ತಮ್ಮ, ಗದಗಿನ ಕಾಲೇಜಿನ್ಯಾಗ ಕಂಪ್ಯೂಟರ್ ನೋಡ್ಕೋತಾನಲ್ರಿ, ಅಂವಾ. ಲಿನಕ್ಸ್ ಹಾಕೂಣು ಅಕ್ಕಾ, ಪುಕ್ಕಟೆ ಬರತೈತಿ, ಹಗರ ಐತಿ ಅಂತ ಪೆನ್ ಡ್ರೈವಿನ್ಯಾಗ ತುಂಬಿ ಕೊಟ್ಟಾ. ಐತವಾರ ನಾನ ಬಂದ ಹಾಕ್ತೇನಿ, ನೀ ಮುಟ್ಟಬ್ಯಾಡ ಅಂದಿದ್ದಾ. ನಾ ಕೇಳಬೇಕಲ್ರಿ! ಇವತ್ತ ನಾಕಕ್ಕ ಆ ಪುಸ್ತಕದವರು ಬರತಾರ. ನಿಮ್ಮ ಅರವತ್ತೆರಡೂ ಅಂಚು ಒಯ್ದು, ಪುಸ್ತಕದಾಗ ಹಾಕಿ, ಕೆಳಗ ‘ವೆಂಕಪ್ಪ, ಬೆಟಗೇರಿ’ ಅಂತ ಅಚ್ಚ ಹಾಕಸ್ತಾರ. ಅವರ ಮುಂದ ಈ ಮಷೀನ್ ಅರ್ಧಾ ತಾಸ ತಿರಗಿದ್ರ ನಿಮ್ಮ ಮರ್ಯಾದಿ ಏನ ಉಳೀತೈತಿ? ನಿಮ್ಮ ಸಲವಾಗೇ ಮಾಡಿದ್ದು. ಖರೇನ, ದೇವ್ರ ಮ್ಯಾಲ ಆಣಿ ಮಾಡತೇನಿ.

ಗಡಿಯಾರ ಯಾಕ ನೋಡತೀರಿ... ನಾಕಾಗಾಕ ಐದ ನಿಮಿಷ ಐತಿ. ಗೊತ್ತೈತ್ರಿ.

ಹೇಳಿಬಿಡತೇನಿ. ಮಾವಾರ, ನನಗ ಭಾಳ ಅಂಜಿಕಿ ಆಗಾಕತ್ತೈತಿ, ನೀವ ನಡಬರಕ ಬಾಯಿ ಹಾಕಬ್ಯಾಡ್ರಿ. ಮುಂಜಾನೆ ಹಾಕೂ ಮುಂದ ಅದು ಕೇಳ್ತು. ಹಳೇದರ ಮಗ್ಗಲ ಕುಂದ್ರಲೋ, ಹಳೇದನ್ನ ಪೂರಾ ಅಳಿಸಿ ಕುಂದ್ರಲೋ ಅಂತ. ನಾ... ಪೂರಾ ಅಳಿಸು ಅಂದೆ.

ಹಂಗ ನೋಡಬ್ಯಾಡ್ರಿ! ನಾನೂ ನೇಕಾರ ಮನಿ ಮಗಳರಿ. ಮನ್ಯಾಗ ಮಗ್ಗ ಇದ್ದಾಗ, ಒಂದ ಹಾಸಿನ ಉದ್ದನೆಳಿ ಮುಗಿದ್ರ ಏನ ಮಾಡತಿದ್ವಿ? ಸೀರಿ ಕತ್ತರಿಸಿ ಇಳಿಸಿ, ಹಣಗಿ ಹಿಂದ ಒಂದ ಗೇಣ ಹಳೇ ಎಳಿ ಬಿಟ್ಟು, ಅದಕ್ಕ ಹೊಸಾ ಹಾಸಿನ ಎಳಿ ಒಂದೊಂದ ಹೊಸೀತಿದ್ವಿ. ಮದವಿ ಆಗಿ ಬಂದ ವರ್ಷ ನೀವ ನನ್ನ ಬಾಜೂ ಕುಂದ್ರಿಸಿಕೊಂಡು ಕಲಿಸಿದ್ರಿ. ಹಾಸು ಎಷ್ಟ ಸಲಾ ಬದಲಾದ್ರೂ ನಕ್ಷಿಗೆ ಏನರ ಆಗತಿತ್ತೇನ್ರಿ? ನಕ್ಷಿ ಎಲ್ಲಿರತಿತ್ತು? ಮ್ಯಾಲ, ಮಗ್ಗದ ನೆತ್ತಿಗೆ ತೂಗೂ ರಟ್ಟಿನ ತೂತಿನ್ಯಾಗ. ಕೆಳಗ ಏನ ಕತ್ತರಿಸಿದ್ರೂ ಮ್ಯಾಲಿಂದು ಮ್ಯಾಲ. ಇದೂ ಹಂಗ ಅಂತ ತಿಳದೆ. ಬರೇ ಹಾಸು ಬದಲಿ ಮಾಡಾಕತ್ತೇನಿ ಅಂತ ತಿಳದೆ...

ಇಲ್ರಿ. ಒಂದೂ ಇಲ್ಲ. ಅರವತ್ತೆರಡೂ ಹೋಗ್ಯಾವ.

ಶ್ರೀಧರಗ ಫೋನ್ ಹಚ್ಚಿದೆ. ಅಳಿಸಿದ್ದನ್ನ ಒಮ್ಮೊಮ್ಮೆ ತಿರುಗಿ ತೆಗೀಬಹುದು, ಅದರ ಮ್ಯಾಲ ಬ್ಯಾರೆ ಏನೂ ಹಾಕಿರಬಾರದು ಅಂದಾ. ನಾ ಹಾಕೇನಿ! ಕನ್ನಡ ಹಾಕೇನಿ, ದೊಡ್ಡ ಅಕ್ಷರ ಹಾಕೇನಿ, ಚಿತ್ರ ಹಾಕೇನಿ... ನಾಕ ತಾಸ ಖುಷಿಲೆ ಶಿಂಗಾರ ಮಾಡೇನ್ರಿ ಇದನ್ನ. ಹಾಡ ಅನ್ಕೋತ ಮಾಡೇನಿ. ಈಗ ಏನೂ ಮುಟ್ಟಬ್ಯಾಡ, ಮೌಸ್ ಸೈತ ಅಳ್ಳಾಡಿಸಬ್ಯಾಡ ಅಂದಾನ.

ಆದ್ರ ನೀವ ಹೆದರಬ್ಯಾಡ್ರಿ. ಹಾಳಿ ಅದಾವಲ್ರಿ! ನೀವ ಪೆನ್ಸಿಲ್‌ಲೆ ಬರದ ಚೌಕಳಿ ಹಾಳಿ, ಒಳಗ ಟ್ರಂಕಿನ್ಯಾಗ. ನಾ ಮೊದಲ ಅವನ್ನ ನೋಡೇ ಇದರಾಗ ಏರಿಸಿದ್ದು. ಮತ್ತ ಏರಸ್ತೇನಿ. ಪುಸ್ತಕದವರಿಗೆ ಮುಂದಿನ ವಾರ ಬರ್ರಿ ಅನ್ನೂಣು. ಈಗ ತೆಗಿಯಾಕ ಬರೂದಿಲ್ಲ, ಚಾವಿ... ಚಾವಿ ನಿಮ್ಮ ಮಗನ ಕಡೆ ಐತಿ. ಅವರು ಮುಂಡರಗಿಗೆ ಡ್ಯೂಟಿಗೆ ಹೋಗ್ಯಾರ. ಇಲ್ಲಂದ್ರ ಈಗ ತೆಗದ ತೋರಸ್ತಿದ್ದೆ.

ಯಾಕ್ರಿ, ಸುಮ್ಮನ ಕುಂತ್ರಿ?

ಕೀಲಿ ಒಡಿ ಅನ್ರಿ. ಮಗಗ ಫೋನ್ ಹಚ್ಚು ಅನ್ರಿ. ಚಾ ತಡಾ ಆದ್ರ ಮನಿ ಎತ್ತಿ ಇಡತೀರಿ! ನಲವತ್ತ ವರ್ಷದ ಕೆಲಸ ಹೋತು ಅಂದ್ರ ಎದ್ದ ನಿಂದ್ರವಲ್ರಿ, ಟ್ರಂಕಿನ ಕಡೆ ಹೊಳ್ಳಿ ಸೈತ ನೋಡವಲ್ರಿ... ನನ್ನ ಮಾರಿ ಏನ ನೋಡತೀರಿ ಮಾವಾರ?

ಚಾವಿ ಯಾಕ ಕೇಳವಲ್ರಿ?

...ನಿಮಗ ಗೊತ್ತೈತಿ. ಟ್ರಂಕ್ ಖಾಲಿ ಐತಿ ಅನ್ನೂದು ನಿಮಗ ಗೊತ್ತೈತಿ.

ಗೆದ್ದಲ ಹತ್ತಿತ್ತರಿ! ಹೋದ ಶ್ರಾವಣದಾಗ. ತೆಗದ ನೋಡಿದ್ರ ಮ್ಯಾಲಿನ ಹಾಳಿ ಎಲ್ಲಾ ಜಾಳಜಾಳ ಆಗಿದ್ದುವು. ಜಂತಿಗೆ ಏರಿದ್ರ ಮನಿನ ಹೋಗತೈತಿ ಅಂತ ಅಂಜಿದೆ. ಕಂಪ್ಯೂಟರಿನ್ಯಾಗ ಅದಾವಲ್ಲ ಅಂತ ಧೈರ್ಯಾ ಬ್ಯಾರೆ. ಹೊರಗ ಜಿಟಿಜಿಟಿ ಮಳಿ, ಹತ್ತಿ ಕಟಗಿ ತೊಯ್ದು ಉರೀವಲ್ಲಾಗಿದ್ದುವು. ಜಳಕದ ಒಲಿಗೆ ಹಾಕಿದೆ. ಮೂರ ದಿನಾ... ಚೊಲೋ ಇದ್ದುವನ್ನೂ ಹಾಕಿದೆ. ಯಾವುದರಾಗ ತತ್ತಿ ಉಳದಾವೋ ಅಂತ. ಆಮ್ಯಾಲ ಖಾಲಿ ಟ್ರಂಕಿಗೆ ಕೀಲಿ ಹಾಕಿ... ಚಾವಿ ನಿಮ್ಮ ಮಗನ ಕಡೆ ಇಲ್ರಿ. ನೋಡ್ರಿ, ನನ್ನ ಸೆರಗಿನ್ಯಾಗ ಐತಿ. ಅವತ್ತಿಂದ ಇಲ್ಲೇ ಗಂಟ ಹಾಕ್ಕೊಂಡ ತಿರಗೇನಿ.

ನಿಮಗ ಯಾರ ಹೇಳಿದ್ರು?

ಇಲ್ಲ... ಯಾರೂ ಹೇಳಿಲ್ಲ. ಮೂರನೇ ದಿನಾ ಜಳಕಾ ಮಾಡಿ ಬಂದು ನೀವ ಒಲಿ ಮುಂದ ಭಾಳೊತ್ತು ನಿಂತಿದ್ರಿ. ಕೈಯಾಗ ಏನೋ ಸುಟ್ಟ ಚೂರ ಹಿಡದಿದ್ರಿ. ‘ಇವತ್ತ ನೀರ ಚೊಲೋ ಕಾದಾವ ಕಲ್ಪನಾ’ ಅಂದ್ರಿ. ನಾ ಹೊಗಳಿದ್ರಿ ಅಂತ ನಕ್ಕೆ... ಮಾವಾರ, ನಾ ನಕ್ಕೆ!

ಒಂದ ವರ್ಷ ಆತಲ್ರಿ. ಒಂದ ಮಾತ ಕೇಳಲಿಲ್ಲ. ಸೊಸಿ ಮಷೀನಿನ್ಯಾಗ ಇಟ್ಟಾಳಲ್ಲ, ಇರಲಿ ಅಂತ ಸುಮ್ಮನ ಇದ್ರೇನ್ರಿ? ನನ್ನ ನಂಬಿ? ಬೈರಿ ನನಗ... ಹೊಡೀರಿ ಬೇಕಾದ್ರ.

ಬಾಗಲಾ ಬಡಿದ್ರು. ಬಂದ್ರು... ಏನ ಹೇಳಲಿ ಅವರಿಗೆ?

ಕೈ ಯಾಕ ಚಾಚಿದ್ರಿ? ಚಾವಿ? ಈಗ ಯಾಕ, ಅದರಾಗ ಏನೂ ಇಲ್ಲಂತ ಗೊತ್ತೈತಲ್ರಿ ನಿಮಗ... ತಗೋರಿ. ಅಯ್ಯ, ನಿಮ್ಮ ಉಡದಾರಕ್ಕ ಯಾಕ ಕಟಗೋತೀರಿ? ಟ್ರಂಕ್ ನಂದು, ಚಾವಿ ನಂದು, ಸುಟ್ಟಾಂವ ನಾನ ಅಂತ ಅವರಿಗೆ ಹೇಳಾವರೇನ್ರಿ? ಬ್ಯಾಡ್ರಿ... ಮಾವಾರ, ನಿಂದರ್ರಿ. ಬಾಗಲಾ ತೆಗಿಬ್ಯಾಡ್ರಿ!